‘ನಮ್ಮ ಕಾಲದಲ್ಲಿ’ ಅನ್ನುವ ಕಾಯಿಲೆ

ಹೋದ ವರ್ಷ ಮಳೆಗಾಲದ ಒಂದು ಮಂಗಳವಾರ. ಕರುಳು ತೂತಾಗಿ ಬಂದಿದ್ದ ರೋಗಿಯೊಬ್ಬನ ಆಪರೇಷನ್ ನಡೆಯುತ್ತಿತ್ತು. ನನ್ನ ಎದುರು ನಿಂತು ರಿಟ್ರಾಕ್ಟರ್ ಹಿಡಿದಿದ್ದವಳು ಮೊದಲ ವರ್ಷದ ಪಿಜಿ ಹುಡುಗಿ. ಹೊಟ್ಟೆಯನ್ನು ಅಗಲಿಸಿ ಹಿಡಿಯುವ ಉಕ್ಕಿನ ಕೊಕ್ಕೆಗೆ ರಿಟ್ರಾಕ್ಟರ್ ಅನ್ನುತ್ತಾರೆ. ಸರ್ಜರಿ ಪಿಜಿಯ ಮೊದಲ ವರ್ಷ ಹೆಚ್ಚುಕಮ್ಮಿ ಅದನ್ನು ಹಿಡಿದೇ ಕಳೆಯುತ್ತದೆ. ಒಂದು ಹಂತದಲ್ಲಿ ಕೊಕ್ಕೆ ಸಡಿಲವಾಯಿತು, ಕರುಳು ನನ್ನ ಕೈಮೇಲೆ ಬಂತು. ತಲೆ ಎತ್ತಿ ನೋಡಿದರೆ ಹುಡುಗಿ ನಿಂತಲ್ಲೇ ಕಣ್ಣು ಮುಚ್ಚಿದ್ದಾಳೆ.

"ಏನಮ್ಮಾ, ರಾತ್ರಿಯೆಲ್ಲ ಸಿನಿಮಾ ನೋಡಿದ್ಯಾ?" ಅಂದೆ. ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ಅವಳು "ಸಾರಿ ಸರ್" ಅಂದು ಕೊಕ್ಕೆಯನ್ನು ಬಿಗಿಯಾಗಿ ಹಿಡಿದಳು.

ಆಪರೇಷನ್ ಮುಗಿದ ಮೇಲೆ ಅರಿವಳಿಕೆ ವೈದ್ಯರು ಚಹಾ ಕುಡಿಯುತ್ತಾ ತಣ್ಣಗೆ ಹೇಳಿದರು: "ಸರ್, ಆ ಹುಡುಗಿ ನಿನ್ನೆ ಬೆಳಿಗ್ಗೆ ಏಳಕ್ಕೆ ಬಂದವಳು. ಈಗ ನಾಲ್ಕು ಗಂಟೆ."

ಮೂವತ್ತಮೂರು ಗಂಟೆ. ನಾನು ಏನಂದೆ ಗೊತ್ತಾ? ಕರ್ನಾಟಕದ ಯಾವ ಮೆಡಿಕಲ್ ಕಾಲೇಜಿಗೆ ಹೋದರೂ, ನಲವತ್ತೈದು ದಾಟಿದ ಯಾವ ಡಾಕ್ಟರ ಬಾಯಲ್ಲಾದರೂ ಬರುವ ಮಾತನ್ನೇ ಅಂದೆ. "ಅದೇನು ಮಹಾ ಬಿಡ್ರಿ, ನಮ್ಮ ಕಾಲದಲ್ಲಿ ಎರಡು ದಿನ ಮನೆ ಮುಖ ನೋಡ್ತಿರಲಿಲ್ಲ."

ಈ ‘ನಮ್ಮ ಕಾಲದಲ್ಲಿ’ ಒಂದು ಕಾಯಿಲೆ ಅಂತ ನನಗೆ ಹೊಳೆದದ್ದು ಅವತ್ತು ಸಂಜೆ ಕಾರಿನಲ್ಲಿ. ಯಾಕೆಂದರೆ ನಮ್ಮ ಕಾಲದಲ್ಲಿ ನಿಜವಾಗಿ ಏನಾಗಿತ್ತು ಅನ್ನುವುದು ನೆನಪಾಯಿತು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಉತ್ತರ ಕರ್ನಾಟಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಮೊದಲ ವರ್ಷದ ಪಿಜಿ. ಹಿಂದಿನ ದಿನ ಬೆಳಿಗ್ಗೆ ಹತ್ತಿದ ಡ್ಯೂಟಿ, ಮರುದಿನ ಮಧ್ಯಾಹ್ನವಾಗಿತ್ತು. ಅಕ್ಕಪಕ್ಕದ ಮಂಚದಲ್ಲಿ ಇಬ್ಬರು ರೋಗಿಗಳು. ಒಬ್ಬನಿಗೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿತ್ತು, ಇನ್ನೊಬ್ಬ ಟ್ರ್ಯಾಕ್ಟರಿನಿಂದ ಬಿದ್ದವನು. ಇಬ್ಬರಿಗೂ ರಕ್ತ ಬೇಕು. ಇಬ್ಬರ ತೋಳಿನಿಂದಲೂ ಸ್ಯಾಂಪಲ್ ತೆಗೆದೆ, ಟ್ಯೂಬಿನ ಮೇಲೆ ಹೆಸರು ಬರೆದೆ, ನಾನೇ ರಕ್ತನಿಧಿಗೆ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಅರ್ಧ ಗಂಟೆಗೆ ಅಲ್ಲಿನ ಟೆಕ್ನಿಷಿಯನ್ ವಾರ್ಡಿಗೆ ಫೋನು ಮಾಡಿದರು.

"ಡಾಕ್ಟ್ರ, ಈ ಪೇಶಂಟ್ ನಿನ್ನೆ ಬಿ ಪಾಸಿಟಿವ್ ಇದ್ದ. ಇವತ್ತು ಎ ಪಾಸಿಟಿವ್ ಆಗ್ಯಾನ. ರಾತ್ರ್ಯಾಗ ಮನಷ್ಯಾನ್ನ ಬದ್ಲಿ ಮಾಡೀರೇನ್ರಿ?"

ಟ್ಯೂಬಿನ ಮೇಲೆ ಹೆಸರು ಅದಲುಬದಲು ಮಾಡಿದ್ದೆ. ಹಿಂದಿನ ದಿನದ ದಾಖಲೆ ಅವರ ರಿಜಿಸ್ಟರಿನಲ್ಲಿ ಇಲ್ಲದೇ ಹೋಗಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಯಾಂಪಲ್ಲೇ ತಪ್ಪು ಮನುಷ್ಯನದ್ದಾದರೆ ಕ್ರಾಸ್‌ಮ್ಯಾಚ್ ಕೂಡ ಸರಿ ಅಂತಲೇ ಬರುತ್ತದೆ. ಚೀಲದ ಮೇಲೆ ಹೆಸರು ಸರಿ, ಚೀಟಿ ಸರಿ, ಸಹಿ ಸರಿ. ಒಳಗಿನ ರಕ್ತ ಮಾತ್ರ ತಪ್ಪು. ಬಿ ಗುಂಪಿನವನಿಗೆ ಎ ಗುಂಪಿನ ರಕ್ತ ಹೋದರೆ ರಕ್ತಕಣಗಳು ಒಡೆದು, ಕಿಡ್ನಿ ನಿಂತು, ಮನುಷ್ಯ ಸಾಯಬಹುದು. ಸತ್ತಿದ್ದರೆ ನಾವು "ಮೊದಲೇ ಬಹಳ ಸೀರಿಯಸ್ ಇದ್ದ" ಅಂತ ಬರೆಯುತ್ತಿದ್ದೆವು. ಮನೆಯವರು ನಂಬುತ್ತಿದ್ದರು. ನಾನೂ ನಂಬುತ್ತಿದ್ದೆನೋ ಏನೋ.

ಆ ಟೆಕ್ನಿಷಿಯನ್ ಯಾರಿಗೂ ಹೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ, ಇವತ್ತಿನವರೆಗೆ. ‘ನಮ್ಮ ಕಾಲದಲ್ಲಿ’ ಅಂತ ಶುರುವಾಗುವ ನನ್ನ ಯಾವ ಕಥೆಯಲ್ಲೂ ಈ ಟ್ಯೂಬು ಬರುವುದಿಲ್ಲ.

ಈಗ ನೀವೇ ಹೇಳಿ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುತ್ತೀರಿ. ಡ್ರೈವರ್ ನಿಮ್ಮ ಕಡೆ ತಿರುಗಿ, "ಸಾರ್, ನಿನ್ನೆ ಬೆಳಿಗ್ಗೆಯಿಂದ ಸ್ಟೇರಿಂಗ್ ಬಿಟ್ಟಿಲ್ಲ, ಆದ್ರೂ ಚಿಂತೆ ಮಾಡ್ಬೇಡಿ, ನಮಗೆಲ್ಲ ಅಭ್ಯಾಸ" ಅಂದರೆ ಕೂರುತ್ತೀರಾ? ಚೀಲ ತೆಗೆದುಕೊಂಡು ಇಳಿಯುತ್ತೀರಿ. ನಮ್ಮ ದೇಶದಲ್ಲಿ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಅಂತ 1961ರಲ್ಲೇ ಬಂದಿತ್ತು. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು ಅದು. ಕಾರ್ಖಾನೆ ಕಾಯ್ದೆಯೂ ವಾರಕ್ಕೆ 48 ಗಂಟೆಯನ್ನೇ 1948ರಲ್ಲಿ ಹೇಳಿತ್ತು. ಅವೆಲ್ಲ ಚೆನ್ನಾಗಿ ಪಾಲನೆಯಾಗುತ್ತಿವೆ ಅಂತ ನಾನು ಹೇಳುತ್ತಿಲ್ಲ. ಆದರೆ ಮೀರಿದರೆ ಅದು ತಪ್ಪು ಅಂತ ಎಲ್ಲರಿಗೂ ಗೊತ್ತಿದೆ. ಡಾಕ್ಟರ ವಿಷಯದಲ್ಲಿ ಮಾತ್ರ ಮೀರುವುದೇ ಹೆಮ್ಮೆ.

1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಹದಿನೇಳು ಗಂಟೆ ನಿದ್ದೆಗೆಟ್ಟವನ ಕೈಚಳಕ, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಎದ್ದಿದ್ದರೆ ಸುಮಾರು ಶೇಕಡಾ 0.10. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಕುಡಿದು ಗಾಡಿ ಓಡಿಸುವ ಮಿತಿ 0.03. ಅಂದರೆ ಟ್ರಾಫಿಕ್ ಪೊಲೀಸಿನವರು ಹಿಡಿದು ಕೇಸು ಹಾಕುವ ಸ್ಥಿತಿಯ ಮೂರು ಪಟ್ಟು ಮಂಕಾದವರ ಕೈಗೆ ನಾವು ಸೂಜಿ ಕೊಡುತ್ತೇವೆ, ಮಗುವಿನ ಡೋಸ್ ಲೆಕ್ಕ ಹಾಕಿಸುತ್ತೇವೆ. ಡ್ಯೂಟಿ ಮುಗಿದ ಮೇಲೆ ಬೈಕಿನ ಕೀಲಿಯನ್ನೂ ಕೊಟ್ಟು ಮನೆಗೆ ಕಳಿಸುತ್ತೇವೆ.

ಈ ಪದ್ಧತಿ ಎಲ್ಲಿಂದ ಬಂತು ಅನ್ನುವುದೂ ತಮಾಷೆಯಾಗಿದೆ. ‘ರೆಸಿಡೆಂಟ್’ ಅಂದರೆ ಆಸ್ಪತ್ರೆಯಲ್ಲೇ ವಾಸ ಮಾಡುವವನು. 1889ರಲ್ಲಿ ಶುರುವಾದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾ ಸರ್ಜನ್ ಈ ತರಬೇತಿಯ ಅಚ್ಚು ಹಾಕಿದ. ಹುಡುಗರು ಆಸ್ಪತ್ರೆಯಲ್ಲೇ ಇರಬೇಕು, ಹಗಲು ರಾತ್ರಿ ಕರೆದಾಗ ಬರಬೇಕು. ಹಾಲ್‌ಸ್ಟೆಡ್ ದೊಡ್ಡವನೇ, ಅನುಮಾನವಿಲ್ಲ. ಹರ್ನಿಯಾ ಆಪರೇಷನ್ನಿಗೂ, ಆಪರೇಷನ್ ಮಾಡುವಾಗ ಹಾಕುವ ರಬ್ಬರ್ ಗ್ಲೌಸಿಗೂ ಅವನನ್ನು ನೆನೆಯಬೇಕು. ಆದರೆ ಆತ ಕೊಕೇನಿಗೆ, ಆಮೇಲೆ ಮಾರ್ಫಿನ್ನಿಗೆ ದಾಸನಾಗಿದ್ದ ಅನ್ನುವುದನ್ನೂ ಚರಿತ್ರೆ ಬರೆದಿಟ್ಟಿದೆ. ನಾವು ನಮ್ಮ ಮಕ್ಕಳಿಗೆ ಹೇರುತ್ತಿರುವ ಡ್ಯೂಟಿಯ ಅಳತೆ ಇಂಥವನ ಅಂಗಿಯಿಂದ ತೆಗೆದದ್ದು.

ಆ ಅಮೆರಿಕವೇ ಆಮೇಲೆ ಪಾಠ ಕಲಿಯಿತು. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಹುಡುಗಿ ಜ್ವರ ಅಂತ ಆಸ್ಪತ್ರೆ ಸೇರಿ ಬೆಳಗಾಗುವುದರೊಳಗೆ ಸತ್ತಳು. ಅವಳನ್ನು ನೋಡಿಕೊಳ್ಳುತ್ತಿದ್ದವರು ಹತ್ತಾರು ರೋಗಿಗಳ ಹೊರೆ ಹೊತ್ತ ಎಳೆಯ ರೆಸಿಡೆಂಟರು. ಅಪ್ಪ ಪತ್ರಕರ್ತ, ಬಿಡಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಇಡೀ ದೇಶಕ್ಕೆ ಅದು ಬಂತು. 2004ರಲ್ಲಿ ಬೋಸ್ಟನ್ನಿನ ಆಸ್ಪತ್ರೆಯೊಂದರ ಐಸಿಯುಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಹಳೇ ಪದ್ಧತಿಯ ಉದ್ದನೆಯ ಡ್ಯೂಟಿ ಮಾಡಿದ ಇಂಟರ್ನ್‌ಗಳು ಗಂಭೀರ ತಪ್ಪುಗಳನ್ನು ಶೇಕಡಾ 36ರಷ್ಟು ಹೆಚ್ಚು ಮಾಡಿದ್ದರು.

ಇಲ್ಲಿ ನನ್ನ ಸಹೋದ್ಯೋಗಿಗಳು ಕೈ ಎತ್ತುತ್ತಾರೆ, ಗೊತ್ತು. "ಡಾಕ್ಟ್ರೇ, ಅರ್ಧ ಕಥೆ ಹೇಳ್ಬೇಡಿ. ಆಮೇಲೆ ಅಮೆರಿಕದಲ್ಲೇ ದೊಡ್ಡ ದೊಡ್ಡ ಅಧ್ಯಯನ ಆಯ್ತು. ಉದ್ದನೆಯ ಶಿಫ್ಟು ಮಾಡಿದ್ರೂ ರೋಗಿಗಳಿಗೆ ಹೆಚ್ಚು ಅಪಾಯ ಆಗ್ಲಿಲ್ಲ ಅಂತ ಬಂತಲ್ಲ?"

ಬಂತು. ನಿಜ. 2016ರಲ್ಲಿ ಸರ್ಜರಿ ರೆಸಿಡೆಂಟರ ಮೇಲೆ ಒಂದು, ಅದಾದ ಮೇಲೆ ಮೆಡಿಸಿನ್‌ನವರ ಮೇಲೆ ಇನ್ನೊಂದು. ಶಿಫ್ಟಿನ ಉದ್ದವನ್ನು ಸಡಿಲ ಬಿಟ್ಟ ಆಸ್ಪತ್ರೆಗಳಲ್ಲೂ ಸಾವುನೋವು ಹೆಚ್ಚಾಗಲಿಲ್ಲ. 2017ರಲ್ಲಿ ಮೊದಲ ವರ್ಷದವರ 16 ಗಂಟೆಯ ಮಿತಿಯನ್ನು ಅವರು ತೆಗೆದೂ ಹಾಕಿದರು. ಆದರೆ ಸ್ವಾಮಿ, ಆ ಅಧ್ಯಯನಗಳನ್ನು ಪೂರ್ತಿ ಓದಿ. ಎರಡೂ ಗುಂಪಿನವರಿಗೂ ಸರಾಸರಿ ವಾರಕ್ಕೆ 80 ಗಂಟೆಯ ಮಿತಿ ಇದ್ದೇ ಇತ್ತು. ಆ 80 ಗಂಟೆಯನ್ನು ಹೇಗೆ ಹಂಚಬೇಕು ಅನ್ನುವುದಷ್ಟೇ ಪ್ರಶ್ನೆ. ನಮ್ಮ ಮೊದಲ ವರ್ಷದ ಪಿಜಿ ನೂರು ದಾಟುತ್ತಾನೆ, ಆ ಲೆಕ್ಕವನ್ನು ಯಾರೂ ಇಡುವುದಿಲ್ಲ. ಎಂಬತ್ತರೊಳಗೆ ನಡೆದ ವಾದವನ್ನು ತಂದು ನೂರಕ್ಕೆ ಸಮರ್ಥನೆ ಮಾಡುವುದು, ಉಪವಾಸದವನ ಎದುರು ಕೂತು ಡಯಟ್ ಬಗ್ಗೆ ಭಾಷಣ ಮಾಡಿದ ಹಾಗೆ.

ಹಾಗಂತ ನಮ್ಮಲ್ಲಿ ನಿಯಮಗಳೇ ಇಲ್ಲ ಅಂದುಕೊಳ್ಳಬೇಡಿ. 1992ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಆಸ್ಪತ್ರೆಗಳ ರೆಸಿಡೆನ್ಸಿ ಯೋಜನೆಯಲ್ಲಿ ಹೇಳಿತ್ತು: ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೆ 48, ವಾರಕ್ಕೊಂದು ರಜೆ. ಆ ಕಾಗದಕ್ಕೆ ಮೂವತ್ತು ವರ್ಷ ದಾಟಿದೆ. ಆ ವರ್ಷ ಹುಟ್ಟಿದ ಮಕ್ಕಳು ಡಾಕ್ಟರಾಗಿ, ಪಿಜಿ ಮುಗಿಸಿ, 36 ಗಂಟೆ ಡ್ಯೂಟಿ ಮಾಡಿ, ಈಗ ತಮ್ಮ ಜೂನಿಯರ್‌ಗಳಿಂದ ಮಾಡಿಸುತ್ತಿದ್ದಾರೆ. ಆಮೇಲೆ 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಿಜಿ ನಿಯಮ ಬಂತು. ಅದರಲ್ಲಿ ‘ಸಮಂಜಸವಾದ’ ಕೆಲಸದ ಅವಧಿ, ‘ಸಮಂಜಸವಾದ’ ವಿಶ್ರಾಂತಿ ಅಂತ ಬರೆದಿದೆ. ಎಷ್ಟು ಗಂಟೆ ಅಂತ ಇಲ್ಲ. ಸಮಂಜಸ ಅಂದರೆ ಏನು ಅಂತ ತೀರ್ಮಾನ ಮಾಡುವವರು ಯಾರು? ನಾನು. ಥಿಯೇಟರಿನಲ್ಲಿ ಜೋಕು ಹೊಡೆದವನು.

2024ರಲ್ಲಿ ಅದೇ ಆಯೋಗದ ಕಾರ್ಯಪಡೆ, ನಮ್ಮ ನಿಮ್ಹಾನ್ಸ್‌ನ ಪ್ರಾಧ್ಯಾಪಕರ ಮುಂದಾಳ್ತನದಲ್ಲಿ, ವೈದ್ಯ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಐದು ಸಾವಿರಕ್ಕೂ ಹೆಚ್ಚು ಪಿಜಿಗಳು ಸಮೀಕ್ಷೆಯಲ್ಲಿ ಉತ್ತರ ಕೊಟ್ಟಿದ್ದರು. ಅವರಲ್ಲಿ ನೂರಕ್ಕೆ 31 ಮಂದಿ, ಕಳೆದ ಒಂದು ವರ್ಷದಲ್ಲಿ ಸಾಯುವ ಯೋಚನೆ ಬಂದಿತ್ತು ಅಂದರು. ಇನ್ನೊಂದು ಸಲ ಓದಿ. ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರು. ನನ್ನ ಯೂನಿಟ್ಟಿನಲ್ಲಿ ಆರು ಜನ ಪಿಜಿಗಳಿದ್ದಾರೆ. ಈ ಅಂಕಿ ಓದಿದ ದಿನ ನಾನು ರೌಂಡ್ಸಿನಲ್ಲಿ ಆರು ಮುಖಗಳನ್ನೂ ಒಂದೊಂದಾಗಿ ನೋಡಿದೆ. ಯಾವ ಇಬ್ಬರು ಅಂತ ನನಗೆ ಗೊತ್ತಾಗಲಿಲ್ಲ. ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬೇಡಿ, ವಾರಕ್ಕೊಂದು ದಿನ ರಜೆ ಕೊಡಿ, ದಿನಕ್ಕೆ ಏಳೆಂಟು ಗಂಟೆ ನಿದ್ದೆಗೆ ಬಿಡಿ ಅಂತ ಶಿಫಾರಸು ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ಕೋಲ್ಕತ್ತಾದಲ್ಲಿ, ಉದ್ದನೆಯ ಡ್ಯೂಟಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ಮಲಗಿದ್ದ ವೈದ್ಯೆಯ ಕೊಲೆಯಾಯಿತು. ದೇಶವೆಲ್ಲ ಮೇಣದಬತ್ತಿ ಹಚ್ಚಿತು. ನಾವೂ ಹಚ್ಚಿದೆವು. ಮಾರನೇ ದಿನ ನಮ್ಮ ಡ್ಯೂಟಿ ಚಾರ್ಟಿನಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆ ಹುಡುಗಿಗೆ ಮಲಗಲು ಒಂದು ಬಾಗಿಲು ಹಾಕುವ ಕೋಣೆ ಯಾಕಿರಲಿಲ್ಲ ಅಂತ ಕೇಳಿದ ನಾವು, ನಮ್ಮ ವಾರ್ಡಿನ ಹುಡುಗಿಯರು ಎಲ್ಲಿ ಮಲಗುತ್ತಾರೆ ಅಂತ ಹೋಗಿ ನೋಡಲಿಲ್ಲ.

ಇರಲಿ. ಈಗ ನಿಜವಾದ ಕಷ್ಟದ ಪ್ರಶ್ನೆಗೆ ಬರೋಣ. ಇದನ್ನು ಹಾರಿಸಿ ಮುಂದೆ ಹೋದರೆ ನಾನೂ ಮೋಸಗಾರನೇ.

ಗಂಟೆ ಕಡಿಮೆ ಮಾಡಿದರೆ ಕಲಿಯುವುದು ಯಾವಾಗ?

ಸರ್ಜರಿಯನ್ನು ಪುಸ್ತಕದಲ್ಲಿ ಕಲಿಯಲಿಕ್ಕಾಗುವುದಿಲ್ಲ. ಹೊಟ್ಟೆನೋವು ಅಂತ ರಾತ್ರಿ ಹತ್ತಕ್ಕೆ ಬಂದವನ ಹೊಟ್ಟೆಯನ್ನು ಮುಟ್ಟುತ್ತೀರಿ, ಮೆತ್ತಗಿದೆ. ಒಂದು ಗಂಟೆಗೆ ಮುಟ್ಟುತ್ತೀರಿ, ಸ್ವಲ್ಪ ಬಿಗಿ. ನಾಲ್ಕಕ್ಕೆ ಹಲಗೆ. ಈ ಮೂರು ಸಲವೂ ಅದೇ ಕೈ ಮುಟ್ಟಿದರೆ ಮಾತ್ರ ಆ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಎಂಟು ಗಂಟೆಗೊಮ್ಮೆ ಸೈರನ್ ಕೂಗಿ ಶಿಫ್ಟು ಬದಲಾದರೆ ಮೂರು ಜನ ಒಂದೊಂದು ಸಲ ಮುಟ್ಟುತ್ತಾರೆ, ಮೂವರಿಗೂ ಏನೂ ಗೊತ್ತಾಗುವುದಿಲ್ಲ. ನನಗೆ ಇವತ್ತು ಹೊಟ್ಟೆ ಮುಟ್ಟಿದ ತಕ್ಷಣ ತಿಳಿಯುತ್ತದೆ ಅಂದರೆ ಅದು ಆ ರಾತ್ರಿಗಳ ಋಣ. ಇದನ್ನು ಅಲ್ಲಗಳೆಯುವುದಿಲ್ಲ. ಅಷ್ಟೇ ಅಲ್ಲ, ಡ್ಯೂಟಿ ಬದಲಾದಷ್ಟೂ ಮಾತು ಕಳೆದುಹೋಗುತ್ತದೆ. ಒಬ್ಬ ಹೇಳಲು ಮರೆತದ್ದು, ಇನ್ನೊಬ್ಬ ಕೇಳಲು ಮರೆತದ್ದು ಎರಡೂ ಸೇರಿ ರೋಗಿಯನ್ನು ಕೊಲ್ಲಬಹುದು.

ಅದಕ್ಕೇ ನಾನು ಎಂಟು ಗಂಟೆಯ ಶಿಫ್ಟು ಕೇಳುತ್ತಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಆ ಮೂವತ್ತಾರು ಗಂಟೆಯಲ್ಲಿ ಹೊಟ್ಟೆ ಮುಟ್ಟುವುದು ಎಷ್ಟು ಹೊತ್ತು?

ಆ ಮಂಗಳವಾರದ ನಂತರ ನಾನು ಆ ಹುಡುಗಿಯನ್ನು ಕರೆದು ಒಂದು ಸಣ್ಣ ನೋಟ್‌ಬುಕ್ ಕೊಟ್ಟೆ. ಮುಂದಿನ ಅಡ್ಮಿಷನ್ ದಿನ ನೀನು ಏನೇನು ಮಾಡ್ತೀಯೋ ಗಂಟೆ ಹಾಕಿ ಬರಿ ಅಂದೆ. ಬೆಳಿಗ್ಗೆ ಏಳರಿಂದ ಮರುದಿನ ಸಂಜೆ ಏಳರವರೆಗೆ ಬರೆದಳು. ಕೂಡಿದೆ. ಥಿಯೇಟರಿನಲ್ಲಿ ಐದು ಗಂಟೆ. ಕ್ಯಾಶುವಾಲ್ಟಿ ಮತ್ತು ವಾರ್ಡಿನಲ್ಲಿ ರೋಗಿಗಳನ್ನು ನೋಡಿದ್ದು ಒಂಬತ್ತು ಗಂಟೆ. ರೌಂಡ್ಸು ಮೂರು ಗಂಟೆ, ಅದರಲ್ಲಿ ನಾನು ಪಾಠ ಹೇಳಿದ್ದು ಇಪ್ಪತ್ತು ನಿಮಿಷ. ಊಟ, ಸ್ನಾನ, ನಿದ್ದೆ ಎಲ್ಲ ಸೇರಿ ಮೂರು ಗಂಟೆ. ಉಳಿದ ಹದಿನಾರು ಗಂಟೆ? ರಕ್ತ ತೆಗೆಯುವುದು, ಲ್ಯಾಬಿಗೆ ಹೊತ್ತು ಹಾಕುವುದು, ರಿಪೋರ್ಟಿಗೆ ಅಲೆಯುವುದು: ಏಳು. ಆಯುಷ್ಮಾನ್ ಯೋಜನೆಯ ಫಾರಂ ತುಂಬುವುದು, ಫೋಟೋ ಅಪ್‌ಲೋಡ್ ಮಾಡುವುದು, ಡಿಸ್ಚಾರ್ಜ್ ಚೀಟಿ ಬರೆಯುವುದು: ಆರು. ಸ್ಕ್ಯಾನಿಂಗ್ ಕೋಣೆಗೆ ಟ್ರಾಲಿ ತಳ್ಳಿಕೊಂಡು ಹೋಗಿ ಅಲ್ಲಿ ಸರದಿ ಕಾಯುವುದು: ಮೂರು.

ಹದಿನಾರು ಗಂಟೆ ಅವಳು ಗುಮಾಸ್ತೆ, ಕೊರಿಯರ್ ಮತ್ತು ವಾರ್ಡ್ ಬಾಯ್. ಇದಕ್ಕೆ ನಾವು ‘ಟ್ರೈನಿಂಗ್’ ಅಂತ ಹೆಸರಿಟ್ಟಿದ್ದೇವೆ.

ಎರಡು ದಶಕದ ಹಿಂದೆ ನಾನು ಆ ಟ್ಯೂಬುಗಳನ್ನು ಹೊತ್ತು ಓಡುತ್ತಿದ್ದುದೂ ಇದೇ ಟ್ರೈನಿಂಗಿನಲ್ಲಿ. ರಕ್ತ ತೆಗೆಯುವುದನ್ನು ಕಲಿಯಲು ನನಗೆ ಎಷ್ಟು ಸಲ ಬೇಕಿತ್ತು? ಐವತ್ತು? ನೂರು? ಇಂಟರ್ನ್‌ಶಿಪ್ಪಿನಲ್ಲೇ ಕಲಿತಾಗಿತ್ತು. ಆಮೇಲಿನ ಸಾವಿರಾರು ಸಲ ನಾನು ಕಲಿತದ್ದೇನೂ ಇಲ್ಲ. ಆಸ್ಪತ್ರೆ ಒಬ್ಬ ಟೆಕ್ನಿಷಿಯನ್ನಿನ ಸಂಬಳ ಉಳಿಸಿತು, ಅಷ್ಟೇ.

ಇದೇ ಈ ಜಗಳದ ಗುಟ್ಟು. ಕಲಿಕೆಗೂ ನಿದ್ದೆಗೂ ಜಗಳ ಇದೆ ಅಂತ ನಾವು ನಂಬಿಸಿದ್ದೇವೆ. ಪಿಜಿಯ ನಿದ್ದೆ ತಿನ್ನುತ್ತಿರುವುದು ನಾವು ಖಾಲಿ ಬಿಟ್ಟ ಹುದ್ದೆಗಳು. ಅವನ ಕಲಿಕೆಯನ್ನು ತಿನ್ನುತ್ತಿರುವುದೂ ಅವೇ. ಬೇರೆ ದೇಶಗಳಲ್ಲಿ ರೋಗಿಗಳ ಸಂಖ್ಯೆ ಕಡಿಮೆ, ಗಂಟೆ ಕಡಿಮೆ ಮಾಡಿದರೆ ಕೇಸು ಸಿಗುವುದಿಲ್ಲ ಅನ್ನುವ ಭಯ ಸರಿ ಇರಬಹುದು. ನಮ್ಮ ಜಿಲ್ಲಾಸ್ಪತ್ರೆಯ ಓಪಿಡಿ ಸಾಲು ನೋಡಿದವರು ಯಾರಾದರೂ ಕೇಸಿಗೆ ಬರ ಅನ್ನುತ್ತಾರಾ?

ಬ್ರಿಟನ್ನಿನವರು ಯುರೋಪಿನ ಕಾನೂನಿಗೆ ಕಟ್ಟುಬಿದ್ದು 2009ರಲ್ಲಿ ವಾರಕ್ಕೆ 48 ಗಂಟೆಗೆ ಇಳಿದರು. ಸರ್ಜನರು ತಲೆ ಮೇಲೆ ಕೈ ಹೊತ್ತರು. ಸರ್ಕಾರ ವಿಚಾರಣೆ ಮಾಡಿಸಿತು, 2010ರಲ್ಲಿ ಜಾನ್ ಟೆಂಪಲ್ ಎಂಬ ಸರ್ಜನ್ನರೇ ವರದಿ ಕೊಟ್ಟರು. ಅದರ ಸಾರ ಇಷ್ಟು: 48 ಗಂಟೆಯಲ್ಲಿ ಒಳ್ಳೆಯ ತರಬೇತಿ ಸಾಧ್ಯ, ಆದರೆ ರಾತ್ರಿಯ ಆಸ್ಪತ್ರೆಯನ್ನು ಕಲಿಯುವವರ ತಲೆಗೆ ಕಟ್ಟಿ ಹೋಗುವ ಪದ್ಧತಿಯಲ್ಲಿ ಸಾಧ್ಯವಿಲ್ಲ. ಹಿರಿಯ ವೈದ್ಯರು ಮುಂದೆ ನಿಂತು ಚಿಕಿತ್ಸೆ ಕೊಡಬೇಕು, ಕಲಿಯುವವರು ಪಕ್ಕದಲ್ಲಿ ನಿಂತು ಕಲಿಯಬೇಕು.

ನಮಗೆ ಉರಿಯುವುದು ಇಲ್ಲೇ. ಯಾಕೆಂದರೆ ಮಧ್ಯಾಹ್ನ ದಾಟುತ್ತಿದ್ದಂತೆ ನಮ್ಮಲ್ಲಿ ಎಷ್ಟೋ ಜನರ ಕಾರು ಗೇಟು ದಾಟುತ್ತದೆ. ಸಂಜೆ ಕ್ಲಿನಿಕ್ಕಿದೆ, ನರ್ಸಿಂಗ್ ಹೋಮಿದೆ. ರಾತ್ರಿ ಎರಡಕ್ಕೆ ಫೋನು ಬಂದರೆ "ನೀನೇ ಮ್ಯಾನೇಜ್ ಮಾಡಪ್ಪ, ಬೆಳಿಗ್ಗೆ ನೋಡೋಣ" ಅನ್ನುತ್ತೇವೆ. ಇದಕ್ಕೆ ‘ಕಾನ್ಫಿಡೆನ್ಸ್ ಬರ್ಲಿ ಅಂತ’ ಅನ್ನುವ ಹೆಸರು ಬೇರೆ. ರಾತ್ರಿಯೆಲ್ಲ ಒಬ್ಬನೇ ತಪ್ಪು ಮಾಡುತ್ತಾ ಕೂತರೆ ಆ ತಪ್ಪೇ ಅಭ್ಯಾಸವಾಗುತ್ತದೆ. ಕಲಿಸುವವನು ಎದುರಿಗಿದ್ದು "ಇಲ್ಲಿ ಹಿಡಿ, ಅಲ್ಲಿ ಬಿಡು" ಅಂದ ಒಂದು ಅಪೆಂಡಿಕ್ಸ್, ಒಬ್ಬನೇ ಒದ್ದಾಡಿದ ಹತ್ತಕ್ಕೆ ಸಮ. ಹಾಗಾಗಿ ಪಿಜಿಯ ಗಂಟೆ ಕಡಿಮೆಯಾಗಬೇಕು ಅಂದರೆ ಮೊದಲು ನಮ್ಮ ಗಂಟೆ ಹೆಚ್ಚಾಗಬೇಕು. ಈ ಮಾತು ಯಾವ ಮೀಟಿಂಗಿನಲ್ಲೂ ಬರುವುದಿಲ್ಲ, ಗಮನಿಸಿದ್ದೀರಾ?

"ಜನ ಎಲ್ಲಿದ್ದಾರೆ ಸಾರ್?" ಅನ್ನುವುದು ಮುಂದಿನ ಉತ್ತರ. 2014ರಲ್ಲಿ ದೇಶದಲ್ಲಿ ಸುಮಾರು 31 ಸಾವಿರ ಪಿಜಿ ಸೀಟುಗಳಿದ್ದವು, ಹತ್ತು ವರ್ಷದಲ್ಲಿ 70 ಸಾವಿರ ದಾಟಿದವು. ಕಾಲೇಜುಗಳೂ ಹೆಚ್ಚಾದವು, ಒಪ್ಪುತ್ತೇನೆ. ಆದರೂ ಹುಡುಗರು ಇಷ್ಟು ಹೆಚ್ಚಾದ ಮೇಲೂ ಡ್ಯೂಟಿ ಅಷ್ಟೇ ಉದ್ದ ಉಳಿದಿದ್ದರೆ, ಜನರ ಕೊರತೆಯೊಂದೇ ಕಾರಣ ಅನ್ನುವುದು ಹೇಗೆ? ಎಷ್ಟೋ ಕಡೆ ಮೂರನೇ ವರ್ಷದವನು ಎರಡನೇ ವರ್ಷದವನ ಮೇಲೆ, ಅವನು ಮೊದಲ ವರ್ಷದವನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾನೆ. ಹೆಚ್‌ಓಡಿಗೆ ಸಿಟ್ಟು ಬಂದರೆ ‘ಪನಿಷ್‌ಮೆಂಟ್ ಡ್ಯೂಟಿ’. ರೋಗಿಯ ಆರೈಕೆ ಶಿಕ್ಷೆಯಾಗಿರುವ ಜಾಗ ಇದೊಂದೇ ಇರಬೇಕು. ಮತ್ತೆ ಹುಡುಗರು ಯಾಕೆ ಬಾಯಿ ಬಿಡುವುದಿಲ್ಲ? ಪ್ರಾಕ್ಟಿಕಲ್ ಪರೀಕ್ಷೆಯ ಮೇಜಿನ ಆ ಕಡೆ ಕೂರುವವರು ನಾವು. ಅಷ್ಟು ಸಾಕು.

ಬರೀ ಬೈದು ಮುಗಿಸಬಾರದು. ನನ್ನ ಯೂನಿಟ್ಟಿನಲ್ಲಿ ಎಂಟು ತಿಂಗಳಿಂದ ಏನು ಮಾಡಿದ್ದೇವೆ ಅಂತ ಹೇಳುತ್ತೇನೆ, ಸಣ್ಣದು. ಅಡ್ಮಿಷನ್ ದಿನದ 24 ಗಂಟೆ ಡ್ಯೂಟಿ ಹಾಗೇ ಇದೆ, ಹೊಟ್ಟೆಯನ್ನು ಮೂರು ಸಲ ಮುಟ್ಟುವ ಕೈ ಒಂದೇ ಇರಲಿ ಅಂತ. ಆದರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ರಾತ್ರಿ ಇದ್ದವರು ಮನೆಗೆ ಹೋಗಲೇಬೇಕು. ರಾತ್ರಿ ತಾವೇ ಅಡ್ಮಿಟ್ ಮಾಡಿದ ರೋಗಿಯ ಆಪರೇಷನ್ ಇದ್ದರೆ ಅದನ್ನು ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕುತ್ತೇವೆ, ಮುಗಿಸಿ ಹೋಗಲಿ. ಆರು ಜನರನ್ನು ಎರಡು ತಂಡ ಮಾಡಿದ್ದೇವೆ. ವಾರದ ರಜೆ ಚಾರ್ಟಿನಲ್ಲಿ ಹೆಸರು ಸಮೇತ ಇರುತ್ತದೆ. ಬೆಳಗಿನ ಸ್ಯಾಂಪಲ್‌ಗಳಿಗೆ ಒಬ್ಬ ಟೆಕ್ನಿಷಿಯನ್ ಕೊಡಿ ಅಂತ ಆಡಳಿತದವರ ಹತ್ತಿರ ನಾಲ್ಕು ತಿಂಗಳು ಜಗಳವಾಡಿ ಪಡೆದೆ. ಫಾರಂ ತುಂಬಲು ಇನ್ನೂ ಯಾರೂ ಸಿಕ್ಕಿಲ್ಲ, ಜಗಳ ಜಾರಿಯಲ್ಲಿದೆ.

ಎಲ್ಲ ಸಲೀಸಾಯಿತು ಅಂತ ಸುಳ್ಳು ಹೇಳುವುದಿಲ್ಲ. ಎರಡನೇ ವಾರದಲ್ಲೇ ಒಂದು ಎಡವಟ್ಟಾಯಿತು. ರಾತ್ರಿಯವನು ಮನೆಗೆ ಹೋಗುವಾಗ ಒಬ್ಬ ರೋಗಿಯ ಡ್ರೈನಿನಲ್ಲಿ ಬಣ್ಣ ಬದಲಾಗಿದ್ದನ್ನು ಹೇಳಲು ಮರೆತ, ಸಂಜೆ ಸಿಸ್ಟರ್ ನೋಡಿ ಹೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ರೋಗಿ ಬದುಕಿದ. ನನ್ನ ಸ್ನೇಹಿತರಿಗೆ ಹಬ್ಬ: "ನೋಡಿದ್ರಾ, ಹೇಳಿದ್ವಲ್ಲ!" ನಾನು ಹಳೇ ಪದ್ಧತಿಗೆ ವಾಪಸು ಹೋಗಲಿಲ್ಲ, ಹ್ಯಾಂಡೋವರ್ ಕಲಿಸಲು ಶುರು ಮಾಡಿದೆ. ಅಮೆರಿಕ ಮತ್ತು ಕೆನಡಾದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಹ್ಯಾಂಡೋವರ್ ಮಾಡುವ ಕ್ರಮವನ್ನೇ ಒಂದು ಪಾಠವಾಗಿ ಕಲಿಸಿದಾಗ ತಪ್ಪುಗಳು ಶೇಕಡಾ 23 ಇಳಿದವು ಅಂತ 2014ರಲ್ಲಿ ಬಂದಿದೆ. ನಾವು ಅಷ್ಟು ದೊಡ್ಡದೇನೂ ಮಾಡಿಲ್ಲ. ಬೆಳಿಗ್ಗೆ ಎಂಟಕ್ಕೆ ನಾನೂ ಬಂದು ನಿಲ್ಲುತ್ತೇನೆ. ಯಾರು ಹೆಚ್ಚು ಸೀರಿಯಸ್, ಏನಾಗಿದೆ, ಇನ್ನೇನು ಮಾಡುವುದಿದೆ, ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಅಂತ ಬರೆದದ್ದನ್ನು ಓದುತ್ತಾರೆ. ಕೇಳಿದವರು ತಿರುಗಿ ಹೇಳುತ್ತಾರೆ. ಈ ಅರ್ಧ ಗಂಟೆಯಲ್ಲಿ ನಾನು ಹೇಳಿಕೊಡುವಷ್ಟು ಪಾಠ ಹಿಂದೆ ಒಂದು ವಾರದ ರೌಂಡ್ಸಿನಲ್ಲಿ ಹೇಳುತ್ತಿರಲಿಲ್ಲ.

ಇನ್ನೂ ಒಂದು ಬದಲಾವಣೆ ಆಗಿದೆ. ಮಂಗಳವಾರ ಮಧ್ಯಾಹ್ನ ಕೈ ಕಡಿಮೆ ಬಿದ್ದರೆ ನಾನೇ ರಿಟ್ರಾಕ್ಟರ್ ಹಿಡಿಯುತ್ತೇನೆ, ಆಪರೇಷನ್ ಎರಡನೇ ವರ್ಷದವನು ಮಾಡುತ್ತಾನೆ. ಇಪ್ಪತ್ತು ವರ್ಷದ ನಂತರ ಅದನ್ನು ಒಂದೂವರೆ ಗಂಟೆ ಹಿಡಿದ ದಿನ ನನ್ನ ಭುಜ ರಾತ್ರಿಯೆಲ್ಲ ನೋಯಿತು. ಚೆನ್ನಾಗಿ ಮಲಗಿ ಎದ್ದು ಬಂದಿದ್ದ ನನಗೇ ಹೀಗೆ. ಸಹೋದ್ಯೋಗಿಗಳು "ಏನ್ರೀ, ಯೂನಿಟ್ಟನ್ನ ಐಟಿ ಕಂಪನಿ ಮಾಡಿದೀರಿ" ಅಂತ ಕ್ಯಾಂಟೀನಿನಲ್ಲಿ ಕಾಲೆಳೆಯುತ್ತಾರೆ. ಎಳೆಯಲಿ.

ಆ ಹುಡುಗಿ ಹೋದ ವಾರ ತನ್ನ ಮೊದಲ ಅಪೆಂಡಿಕ್ಸ್ ತಾನೇ ಮಾಡಿದಳು. ನಾನು ಎದುರಿಗೆ ಕೊಕ್ಕೆ ಹಿಡಿದು ನಿಂತಿದ್ದೆ. ಕೈ ನಿಧಾನ, ಆದರೆ ಎಚ್ಚರವಾಗಿತ್ತು.

ಹಿರಿಯ ಡಾಕ್ಟರುಗಳೇ, ನನ್ನ ಓರಗೆಯವರೇ, ಒಂದೇ ಒಂದು ಕೋರಿಕೆ. ನಾವು ಆ ಮೂವತ್ತಾರು ಗಂಟೆ ದುಡಿದೆವು, ಅದರಿಂದಲೇ ಒಳ್ಳೆಯ ಡಾಕ್ಟರಾದೆವು ಅನ್ನುವ ಲೆಕ್ಕ ಹೇಳುವಾಗ ಪೂರ್ತಿ ಲೆಕ್ಕ ಹೇಳೋಣ. ಸರಿಯಾದ ಹೊತ್ತಿಗೆ ಫೋನು ಮಾಡಿದ ಟೆಕ್ನಿಷಿಯನ್ನು, "ಡಾಕ್ಟ್ರೇ, ಈ ಡೋಸು ಸರಿನಾ?" ಅಂತ ಕೇಳಿದ ಸಿಸ್ಟರು, ಮತ್ತು ಯಾರೂ ಕೇಳದೇ ಹೋದ ಆ ಇನ್ನೊಂದು ದಿನ, ಎಲ್ಲವೂ ಆ ಲೆಕ್ಕದಲ್ಲಿವೆ. ನನ್ನದು ಎರಡು ಟ್ಯೂಬಿನ ಕಥೆ. ಇಪ್ಪತ್ತೆರಡು ವರ್ಷದ ಮೇಲೆ ಇಲ್ಲಿ ಬರೆದಿದ್ದೇನೆ. ನಿಮ್ಮದೂ ಒಂದಿರುತ್ತದೆ, ಇಲ್ಲ ಅನ್ನಬೇಡಿ. ಮುಂದಿನ ಸಲ ರೌಂಡ್ಸಿನಲ್ಲಿ ಹುಡುಗರ ಎದುರು ನಿಂತು ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡಿದಾಗ, ಅದನ್ನೂ ಹೇಳಿ.